ಖಾಲಿ ಕೊಡಬಾರದ ಪಾತ್ರೆ

ಎಂಬತ್ತೊಂಬತ್ತರ ಅಕ್ಟೋಬರಿನಲ್ಲಿ ಭೂಮಿ ನಡುಗಿದಾಗ ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ನಮ್ಮ ಮನೆಯಲ್ಲಿ ಅಡುಗೆಮನೆಯ ಮೇಲಿನ ಕಪಾಟು ತಾನಾಗಿ ತೆರೆದುಕೊಂಡಿತು. ಮದುವೆಯಲ್ಲಿ ಬಂದ ಗಾಜಿನ ಲೋಟಗಳು, ಚಿಕ್ಕಮ್ಮ ಕೊಟ್ಟ ಉಪ್ಪಿನಕಾಯಿ ಭರಣಿ, ಸೇಲಿನಲ್ಲಿ ತಂದ ತಟ್ಟೆಗಳು ಎಲ್ಲ ಒಂದರ ಹಿಂದೊಂದು ನೆಲಕ್ಕೆ ಹಾರಿದವು. ಒಡೆಯದೆ ಉಳಿದದ್ದು ಒಂದೇ ಒಂದು, ಅಂಚಿಗೆ ನೀಲಿ ಹೂವಿರುವ ಬಿಳಿಯ ದಪ್ಪ ಓವನ್ ಪಾತ್ರೆ. ಅದು ನಮ್ಮದಲ್ಲ. ಬೇರೆಯವರ ವಸ್ತು ನಮ್ಮ ಮನೆಯಲ್ಲಿ ಹೆಚ್ಚು ಗಟ್ಟಿಯಾಗಿ ಬಾಳುತ್ತದೆ ಎನ್ನುವುದು ನಿಮ್ಮ ಅನುಭವಕ್ಕೂ ಬಂದಿರಬಹುದು.

ಪಾತ್ರೆ ಬೋರಲಾಗಿ ಬಿದ್ದಿತ್ತು. ತಳಕ್ಕೆ ಅಂಟಿಸಿದ್ದ ಹಳೆಯ ಟೇಪಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಹೆಸರು. ಆಗಷ್ಟೇ ಓದಲು ಕಲಿತಿದ್ದ ಆರು ವರ್ಷದ ನನ್ನ ಮಗಳು ಅನು ಮೇಜಿನ ಅಡಿಯಿಂದ ಹೊರಗೆ ಬಂದವಳೇ ಅದನ್ನು ಕೂಡಿಸಿ ಕೂಡಿಸಿ ಓದಿದಳು.

"ಅಮ್ಮಾ, ಹೂ ಈಸ್ ಎಚ್. ಹ್ಯಾನ್ಸನ್?"

"ನಮಗೆ ಬೇಕಾದ ಒಬ್ಬ ಅಜ್ಜಿ ಕಣೇ. ಗಾಜು ಬಿದ್ದಿದೆ, ಕಾಲಿಡಬೇಡ."

"ಡಸ್ ಶಿ ನೋ ವಿ ಹ್ಯಾವ್ ಇಟ್?"

ಅವರಿಗೆ ಗೊತ್ತಾ, ಅದು ನಮ್ಮ ಹತ್ತಿರ ಇದೆ ಅಂತ? ನಾನು ಪೊರಕೆ ತರಲು ಹೋದೆ. ನಮ್ಮ ಯಜಮಾನರು ಇನ್ನೂ ಮನೆಗೆ ಬಂದಿರಲಿಲ್ಲ. ಇವರ ಆಫೀಸಿದ್ದದ್ದು ಓಕ್ಲ್ಯಾಂಡಿನಲ್ಲಿ, ಅಲ್ಲಿ ಫ್ರೀವೇ ಸೇತುವೆ ಕುಸಿದಿದೆ ಎಂದು ರೇಡಿಯೋ ಹೇಳುತ್ತಿತ್ತು. ಫೋನು ಸತ್ತಿತ್ತು. ನಾನು ಗಾಜು ಗುಡಿಸುವುದನ್ನೂ ಬಿಟ್ಟು ಆ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಎರಡೂವರೆ ಗಂಟೆಯ ನಂತರ ಇವರ ಕಾರು ಬಂತು. ನಾನು ಹಿಡಿದುಕೊಂಡಿದ್ದನ್ನು ನೋಡಿ ಇವರು ಪಾತ್ರೆ ತೆಗೆದುಕೊಂಡು ಒಳಗಿಟ್ಟರು.

ಆ ಪಾತ್ರೆಯ ವಿಷಯ ಹೇಳಬೇಕಾದರೆ ನಮ್ಮಮ್ಮನ ಒಂದು ಕಟ್ಟಳೆಯನ್ನು ಮೊದಲು ಹೇಳಬೇಕು. ಮೈಸೂರಿನ ನಮ್ಮ ವಠಾರದಲ್ಲಿ ಪಕ್ಕದ ಮನೆಯಿಂದ ಹುಳಿ ಬಂದ ಬಟ್ಟಲು ಖಾಲಿಯಾಗಿ ಹಿಂದಕ್ಕೆ ಹೋಗುತ್ತಿರಲಿಲ್ಲ. "ಏನೂ ಇಲ್ದಿದ್ರೆ ಒಂದು ಚಿಟಿಕೆ ಸಕ್ಕರೆನಾದ್ರೂ ಹಾಕೇ, ಖಾಲಿ ಕೊಟ್ರೆ ಚೆನ್ನಾಗಿರಲ್ಲ" ಎನ್ನುತ್ತಿದ್ದಳು. ಬಟ್ಟಲು ಒಯ್ಯುವ ಕೆಲಸ ನನ್ನದು. ದಾರಿಯಲ್ಲಿ ಆ ಸಕ್ಕರೆ ಎಷ್ಟೋ ಸಲ ನನ್ನ ಬಾಯಿಗೆ ಹೋಗಿ ಬಟ್ಟಲು ಖಾಲಿಯೇ ತಲುಪಿದ್ದೂ ಉಂಟು. ಬೇರೆ ಎಷ್ಟೋ ಆಚಾರಗಳನ್ನು ವಿಮಾನ ಹತ್ತುವಾಗಲೇ ಬಿಟ್ಟ ನಾನು ಇದೊಂದನ್ನು ಮಾತ್ರ ಬಿಡಲಿಲ್ಲ.

ಹಾಗೆ ನೋಡಿದರೆ ಈ ಪಾತ್ರೆಯ ದೆಸೆಯಿಂದ ನನ್ನ ಮಾನವೂ ಒಮ್ಮೆ ಹೋಗಿದೆ. ಕ್ಯುಪರ್ಟಿನೋದಲ್ಲಿ ನಮ್ಮವರದೇ ಒಂದು ಯುಗಾದಿ ಊಟ. ಮನೆಯಿಂದ ಒಂದೊಂದು ಅಡುಗೆ ಮಾಡಿಕೊಂಡು ಹೋಗಬೇಕು. ನನ್ನ ಪಾತ್ರೆಗಳೆಲ್ಲ ಸಿಂಕಿನಲ್ಲಿದ್ದವೆಂದು ಇವರು ನನಗೆ ಹೇಳದೆ ಬಿಸಿಬೇಳೆಭಾತನ್ನು ಇದಕ್ಕೇ ಸುರಿದುಬಿಟ್ಟಿದ್ದರು. ಊಟ ಮುಗಿದು ಮನೆಗೆ ಬಂದು ನೋಡಿದರೆ ಪಾತ್ರೆಯಿಲ್ಲ. ಬೇರೆ ಯಾರೋ ತಮ್ಮದೆಂದು ಒಯ್ದಿದ್ದರು. ನಾನು ಹದಿನಾಲ್ಕು ಮನೆಗೆ ಫೋನು ಮಾಡಿ, ಕೊನೆಗೆ ಒಬ್ಬರ ಮನೆ ಬಾಗಿಲಿಗೇ ಹೋಗಿ ಇಸಿದುಕೊಂಡು ಬಂದೆ. ಒಂದು ಪಾತ್ರೆಗೆ ಇಷ್ಟು ಜೀವ ಬಿಡುವ ಹೆಂಗಸು ಎಂದು ಅವರೆಲ್ಲ ಇವತ್ತಿಗೂ ನನ್ನನ್ನು ನೋಡಿ ನಗುತ್ತಾರೆ. ನಗಲಿ. ಕಾರಣ ಹೇಳುವ ಧೈರ್ಯ ನನಗೇ ಇರಲಿಲ್ಲ.

ಈಗ ಊರಿನ ವಿಷಯ. ನಾನು ಮದುವೆಯಾಗಿ ಅಮೆರಿಕಕ್ಕೆ ಬಂದು ಇಳಿದದ್ದು ಕ್ಯಾಲಿಫೋರ್ನಿಯಾದಲ್ಲಲ್ಲ, ಅಯೋವಾದ ಒಂದು ಪುಟ್ಟ ಊರಿನಲ್ಲಿ. ಹುಬ್ಬಳ್ಳಿಯವರಾದ ನಮ್ಮ ಯಜಮಾನರಿಗೆ ಅಲ್ಲಿ ಕಾಳು ಒಣಗಿಸುವ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಊರಿನ ಹೆಸರು ಹೇಳಿದರೂ ನಿಮಗೆ ತಿಳಿಯುವುದಿಲ್ಲ, ಪಕ್ಕದ ಜಿಲ್ಲೆಯವರಿಗೇ ತಿಳಿಯುತ್ತಿರಲಿಲ್ಲ. ಆದರೆ ಅದು ಆ ಕೌಂಟಿಯ ಮುಖ್ಯ ಪಟ್ಟಣ. ನಾನು ಅಪ್ಪನಿಗೆ ಬರೆದ ಕಾಗದದಲ್ಲಿ 'ನಾವಿರುವುದು ಜಿಲ್ಲಾ ಕೇಂದ್ರದಲ್ಲಿ' ಎಂದು ಜಂಬದಿಂದ ಬರೆದೆ. ಅಪ್ಪ ಮೈಸೂರಿನ ಡಿ.ಸಿ. ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಮಗಳು ಜಿಲ್ಲಾ ಕೇಂದ್ರದಲ್ಲಿದ್ದಾಳೆಂದು ಬೀದಿಗೆಲ್ಲ ಹೇಳಿ, ಅಲ್ಲಿ ಸಾಹೇಬರ ಬಂಗಲೆ ನಮ್ಮ ಮನೆಗೆ ಎಷ್ಟು ದೂರ ಎಂದು ಮರುಟಪಾಲಿನಲ್ಲಿ ಕೇಳಿದರು. ನಡುವೆ ಒಂದು ಕೋರ್ಟು ಕಟ್ಟಡ, ಅದರ ನೆತ್ತಿಯಲ್ಲಿ ನಾಲ್ಕು ಮುಖಕ್ಕೆ ನಾಲ್ಕು ಹೊತ್ತು ತೋರಿಸುವ ಗಡಿಯಾರ, ಸುತ್ತ ನಾಲ್ಕು ಸಾಲು ಅಂಗಡಿ, ಅಲ್ಲಿಂದಾಚೆ ಕಣ್ಣು ಸೋಲುವವರೆಗೂ ಮುಸುಕಿನ ಜೋಳ. ಸಾಹೇಬರು ಎಂದರೆ ಪೆಟ್ರೋಲ್ ಬಂಕಿನ ಮಾಲೀಕನೇ ಎಂದು ನಾನು ಅಪ್ಪನಿಗೆ ಬರೆಯಲಿಲ್ಲ.

ನಾವು ಹೋದ ವಾರವೇ ಬಾಗಿಲು ತಟ್ಟಿದವರು ಮಿಸೆಸ್ ಹ್ಯಾನ್ಸನ್. ಎಪ್ಪತ್ತರ ಆಸುಪಾಸು, ಎತ್ತರದ ಆಳು, ಗಂಡನ ಹಳೆಯ ಕೋಟು. ಮನೆ ಪಕ್ಕದ ಬೀದಿಯಲ್ಲಿ. ಒಂದು ಕೈಯಲ್ಲಿ ಸೇಬಿನ ಪೈ, ಇನ್ನೊಂದರಲ್ಲಿ ಒಂದು ಪುಸ್ತಿಕೆ. ಊರಿಗೆ ಹೊಸಬರು ಬಂದರೆ ಕೊಡಬೇಕೆಂದು ಅವರೇ ಬರೆದು ಲೈಬ್ರರಿಯ ಯಂತ್ರದಲ್ಲಿ ಅಚ್ಚು ತೆಗೆದದ್ದು. ಮೊದಲರ್ಧ ಊರಿನ ಚರಿತ್ರೆ. ಊರಿಗೆ ಯಾವನೋ ಒಬ್ಬ ಸೇನಾಪತಿಯ ಹೆಸರು, ಅವನು ಅಲ್ಲಿಗೆ ಒಮ್ಮೆಯೂ ಬಂದಿರಲಿಲ್ಲವಂತೆ. ಒಂದು ಹಿಟ್ಟಿನ ಗಿರಣಿ, ರೈಲು ಬಂದದ್ದು, ಎರಡು ಸಲ ಬೆಂಕಿ ಬಿದ್ದದ್ದು. ಬಿಳಿಯರು ಬರುವ ಮೊದಲು ಅಲ್ಲಿ ಬಾಳಿದ್ದ ಮೂಲನಿವಾಸಿಗಳ ಬಗ್ಗೆ ಒಂದೇ ಸಾಲಿತ್ತು, ಅದು ಸಾಲದೆಂದು ಮಿಸೆಸ್ ಹ್ಯಾನ್ಸನ್ನರೇ ಒಪ್ಪಿಕೊಂಡರು. ಉಳಿದರ್ಧದಲ್ಲಿ ಊರಿನಲ್ಲಿ ಏನೇನಿದೆ ಎಂಬ ಪಟ್ಟಿ. ಲೈಬ್ರರಿ ಯಾವ ದಿನ ತೆರೆದಿರುತ್ತದೆ, ಈಜುಕೊಳ, ಬೆಂಕಿ ಆರಿಸುವವರ ನಂಬರು, ಸಣ್ಣ ಆಸ್ಪತ್ರೆ, ಒಂಬತ್ತು ಚರ್ಚು. ಕೊನೆಯ ಪುಟದಲ್ಲಿ ಸ್ಮಶಾನ, ಅಲ್ಲಿ ಯಾರನ್ನು ಕೇಳಬೇಕು ಎನ್ನುವ ವಿವರ.

ಅವರು ಹೋದ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಬನ್ನಿ ಕೂತ್ಕೊಳ್ಳಿ ಅಂತ ಕರೆದು ಮೊದಲನೇ ದಿನಾನೇ ಸ್ಮಶಾನ ತೋರಿಸ್ತಾರಲ್ರೀ!" ಎಂದೆ. "ಪಾಪ, ಎಲ್ಲಾ ಒಂದ ಪುಸ್ತಕದಾಗ ಇರ್ಲಿ ಅಂತ ಬರದಾರ" ಎಂದು ಇವರೂ ನಕ್ಕರು. ಆ ನಗು ನೆನಪಾದರೆ ಈಗ ಮೈ ಉರಿಯುತ್ತದೆ.

ಪೈ ತಂದ ತಟ್ಟೆಯನ್ನು ನಾನು ಚಕ್ಕುಲಿ ಹಾಕಿ ಹಿಂದಿರುಗಿಸಿದೆ. ಇದೇಕೆ ಎಂದು ಮಿಸೆಸ್ ಹ್ಯಾನ್ಸನ್ ಕೇಳಿದರು. ನಮ್ಮಲ್ಲಿ ಖಾಲಿ ಕೊಡುವುದಿಲ್ಲ ಎಂದೆ. "ಹಾಗಾದರೆ ನಾನೂ ಕೊಡುವುದಿಲ್ಲ" ಎಂದು ಮಾರನೆಯ ವಾರ ಅದೇ ತಟ್ಟೆಯಲ್ಲಿ ಕುಕೀಸು ಬಂತು. ನಾನು ಕೋಡುಬಳೆ ಕಳಿಸಿದೆ. ಅವರು ಬ್ರೆಡ್ಡು ತಂದರು. ಹೀಗೆ ಒಂದು ವರ್ಷ ಆ ತಟ್ಟೆಗೆ ವಿಶ್ರಾಂತಿಯೇ ಇರಲಿಲ್ಲ. "ಇದು ಎಲ್ಲಿ ನಿಲ್ಲುತ್ತದೆ ಹೇಳು" ಎಂದು ಅವರು ಕೇಳುತ್ತಿದ್ದರು. ನಿಲ್ಲಬಾರದು ಎನ್ನುವುದೇ ಅದರ ಅರ್ಥವಿರಬೇಕು ಎಂದು ನಾನು ದೊಡ್ಡ ಜ್ಞಾನಿಯಂತೆ ಹೇಳಿದ್ದೆ.

ಎಂಬತ್ತೆರಡರ ಜನವರಿಯಲ್ಲಿ ಆ ಊರಿನಲ್ಲಿ ನನ್ನ ಮೊದಲ ಮಗಳು ಹುಟ್ಟಿದಳು. ಎರಡು ತಿಂಗಳು ಮುಂಚೆ, ಅವಸರ ಮಾಡಿ ಬಂದಳು. ಮೂರು ದಿನ ಇದ್ದಳು. ಡಾಕ್ಟರರು ಕೈಲಾದದ್ದನ್ನೆಲ್ಲ ಮಾಡಿದರು. ದೊಡ್ಡ ಆಸ್ಪತ್ರೆಗೆ ಒಯ್ಯಲು ಹೆಲಿಕಾಪ್ಟರು ಹಾರುವಂತಿರಲಿಲ್ಲ, ಹೊರಗೆ ಹಿಮದ ಗಾಳಿ. ಅವಳ ಬೆರಳು ನನ್ನ ಬೆರಳನ್ನು ಹಿಡಿದದ್ದು ಒಂದು ಸಲ. ಇಷ್ಟೇ ನನಗೆ ಗೊತ್ತಿರುವುದು, ಇದಕ್ಕಿಂತ ಹೆಚ್ಚು ಅವಳ ಚರಿತ್ರೆಯಲ್ಲಿ ಇಲ್ಲ.

ಎಳೆಗೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಮಣ್ಣಿಗೆ ಕೊಡುತ್ತಾರೆ. ಇವರಿಗೆ ಏನು ಮಾಡಬೇಕೆಂದು ತಿಳಿಯದೆ ಮನೆಗೆ ಹೋಗಿ ಆ ಪುಸ್ತಿಕೆಯ ಕೊನೆಯ ಪುಟ ತೆರೆದರು. ಅಲ್ಲಿದ್ದ ನಂಬರು ಮಿಸೆಸ್ ಹ್ಯಾನ್ಸನ್ನರದೇ. ಕಲ್ಲಿನಂತೆ ಹೆಪ್ಪುಗಟ್ಟಿದ ನೆಲದ ಮೇಲೆ ಒಂದು ಹಗಲೆಲ್ಲ ಹುಲ್ಲು ಉರಿಸಿ ಮಣ್ಣು ಮೆತ್ತಗೆ ಮಾಡಬೇಕಾಯಿತಂತೆ. ಊರಿನ ಪೂರ್ವಕ್ಕೆ ಒಂದು ಸಣ್ಣ ದಿಬ್ಬ, ಅದರ ಮೇಲೆ. ನಾನು ಆಸ್ಪತ್ರೆಯಲ್ಲಿದ್ದೆ. ಇರದಿದ್ದರೂ ನಮ್ಮಲ್ಲಿ ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಹೋದವರು ಇಬ್ಬರೇ, ಇವರು ಮತ್ತು ಮಿಸೆಸ್ ಹ್ಯಾನ್ಸನ್. ನನ್ನ ಮಗಳನ್ನು ಕಳಿಸಿಕೊಟ್ಟ ಹೆಂಗಸು ನಾನಲ್ಲ, ಅವರು.

ಆ ಕೌಂಟಿಯಲ್ಲಿರುವ ಪ್ರತಿ ಸಮಾಧಿಯನ್ನೂ ಮಿಸೆಸ್ ಹ್ಯಾನ್ಸನ್ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಯಾರೂ ಇಲ್ಲದವರದ್ದು, ಕಲ್ಲು ಬಿದ್ದುಹೋದದ್ದು, ಎಲ್ಲ. ಹೆಸರೇನು ಎಂದು ಇವರನ್ನು ಕೇಳಿದರಂತೆ. ಹನ್ನೊಂದನೆಯ ದಿನಕ್ಕೆ ಇಡುವುದು ಪದ್ಧತಿ, ಇನ್ನೂ ಇಟ್ಟಿಲ್ಲ ಎಂದರು ಇವರು. ಎಲ್ಲರೂ 'ಹಸುಗೂಸು' ಎಂದು ಬರೆದು ಮುಗಿಸುವ ಕಡೆ ಅವರು ಹಾಗೆ ಬರೆಯಲಿಲ್ಲ. "ಸಾಲು ಖಾಲಿ ಬಿಟ್ಟಿರುತ್ತೇನೆ. ಇಟ್ಟಾಗ ಹೇಳಿ" ಎಂದರಂತೆ.

ನಾನು ಮನೆಗೆ ಬಂದ ದಿನ ಅವರು ಈ ನೀಲಿ ಹೂವಿನ ಪಾತ್ರೆ ತುಂಬ ನೂಡಲ್ಸು, ಚೀಸು, ಬಟಾಣಿ ಬೇಯಿಸಿ ತಂದರು. ಮೇಲೆ ಪುಡಿ ಮಾಡಿದ ಆಲೂಗಡ್ಡೆ ಚಿಪ್ಸು. ಮಾಂಸವಿಲ್ಲ, ಮೊಟ್ಟೆಯಿಲ್ಲ, ಡಬ್ಬದ ಮೇಲಿನ ಸಣ್ಣ ಅಕ್ಷರವನ್ನೂ ಭೂತಗನ್ನಡಿ ಹಿಡಿದು ಓದಿದ್ದೇನೆ ಎಂದರು. ನನ್ನನ್ನು ತಬ್ಬಿಕೊಂಡರು. ನಾನು ಅಳಲಿಲ್ಲ. ಅತ್ತರೆ ಹಾಲು ಇಳಿಯುತ್ತಿತ್ತು, ಅದಕ್ಕೆ ಹೆದರಿ ಅಳು ನುಂಗುವುದನ್ನು ಕಲಿತಿದ್ದೆ. ಬಾಣಂತಿ ತಿನ್ನಬಾರದ ಆ ಸಪ್ಪೆ ಅಡುಗೆಯನ್ನು ಎರಡು ದಿನ ಪಾತ್ರೆ ತೊಳೆದಂತಾಗುವವರೆಗೂ ತಿಂದೆ.

ಈಗ ಪಾತ್ರೆ ಹಿಂದಿರುಗಿಸಬೇಕಲ್ಲ? ಹೆತ್ತ ಪುರುಡು ಬೇರೆ, ಸಾವಿನ ಸೂತಕ ಬೇರೆ. ಮೈಲಿಗೆಯ ಮನೆಯಿಂದ ಇನ್ನೊಬ್ಬರ ಮನೆಗೆ ತಿನ್ನುವ ಪದಾರ್ಥ ಹೋಗಬಾರದು. ಖಾಲಿಯೂ ಕೊಡಬಾರದು. ಕೇಳೋಣವೆಂದರೆ ಮುನ್ನೂರು ಮೈಲಿಯಲ್ಲಿ ಒಬ್ಬ ಪುರೋಹಿತರಿಲ್ಲ. ಹತ್ತು ದಿನ ಎಂದು ನಾನೇ ತೀರ್ಮಾನ ಮಾಡಿದೆ. ಹನ್ನೊಂದನೆಯ ದಿನ ಬಂತು. ಹೆಸರಿಡಬೇಕಾಗಿದ್ದ ದಿನ ಸಿಹಿ ಮಾಡಲು ಕೈ ಬರಲಿಲ್ಲ. ಆಮೇಲೆ ಒಂದು ದಿನ ಮೈಸೂರುಪಾಕಿಗೆ ಕೂತೆ, ಅದು ಪಾಕ ಮೀರಿ ಇಟ್ಟಿಗೆಯಾಯಿತು. ಅದನ್ನು ಕೊಡಲಾಗದೆ ಎಸೆದೆ. ಮಾರ್ಚಿನಲ್ಲಿ ಇವರ ಕಾರ್ಖಾನೆ ಮುಚ್ಚಿತು. ಏಪ್ರಿಲಿನಲ್ಲಿ ಓಕ್ಲ್ಯಾಂಡಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಮಿಸೆಸ್ ಹ್ಯಾನ್ಸನ್ ನಮ್ಮ ಡಬ್ಬಗಳಿಗೆ ಟೇಪು ಸುತ್ತಿಕೊಟ್ಟರು. ಅವುಗಳಲ್ಲೊಂದರೊಳಗೆ ಅವರದೇ ಪಾತ್ರೆ ಇತ್ತು. ಹೇಳಲು ನಾಚಿಕೆಯಾಯಿತು. ದಿಬ್ಬದ ಕಡೆಗೆ ನಾನು ಆಗಲೂ ಹೋಗಲಿಲ್ಲ.

ಪ್ರತಿ ಕ್ರಿಸ್ಮಸ್ಸಿಗೆ ಅವರಿಂದ ಕಾರ್ಡು ಬರುತ್ತಿತ್ತು. ಅದರಲ್ಲಿ ಊರು ವರ್ಷಕ್ಕಿಷ್ಟು ಸಾಯುತ್ತಿತ್ತು. ಒಂದು ವರ್ಷ ಸಿನಿಮಾ ಮಂದಿರ ಮುಚ್ಚಿತು. ಇನ್ನೊಂದು ವರ್ಷ ರೈಲುಹಳಿ ಕಿತ್ತರು. ಆಮೇಲೆ ಈಜುಕೊಳಕ್ಕೆ ಮಣ್ಣು ತುಂಬಿದರು, ಒಂಬತ್ತು ಚರ್ಚು ಆರಾದವು. ಅವರು ಬರೆದ ಪುಸ್ತಿಕೆಯ ಪಟ್ಟಿಯನ್ನು ಅವರೇ ಒಂದೊಂದಾಗಿ ಅಳಿಸುತ್ತಿದ್ದಂತೆ ಕಾಣುತ್ತಿತ್ತು. ಕೊನೆಗೆ ಮಾತ್ರ ಯಾವಾಗಲೂ ಒಂದೇ ಮಾತು: 'ದಿಬ್ಬದ ಮೇಲೆ ಎಲ್ಲ ಚೆನ್ನಾಗಿದೆ.' ಪಾತ್ರೆಯನ್ನು ಅವರು ಕೇಳಲಿಲ್ಲ. ಹೆಸರನ್ನೂ ಕೇಳಲಿಲ್ಲ.

ಇವರು ಒಮ್ಮೆ ರೇಗಿದ್ದರು. "ಅಲ್ಲ ಸುಮಾ, ಒಂದ ಡಬ್ಬಿಯೊಳಗ ಇಟ್ಟು ಪೋಸ್ಟ್ ಮಾಡಿದ್ರ ಮುಗೀತಲ್ಲ?"

"ಖಾಲಿ ಕಳಿಸೋಕಾಗತ್ತೇನ್ರೀ?"

"ಹಂಗಾರ ಏನರೆ ತುಂಬಿ ಕಳಸು."

"ಏನು ತುಂಬಲಿ? ನೀವೇ ಹೇಳಿ."

ಅನು ಹುಟ್ಟಿದ ಮೇಲಂತೂ ನಾವಿಬ್ಬರೂ ಆ ಮೂರು ದಿನಗಳ ಮಾತೇ ಎತ್ತಲಿಲ್ಲ.

ಭೂಕಂಪವಾಗಿ ಮೂರು ವಾರಕ್ಕೆ ಆ ಊರಿನಿಂದ ಒಂದು ಕಾಗದ ಬಂತು. ಅಕ್ಷರ ಮಿಸೆಸ್ ಹ್ಯಾನ್ಸನ್ನರದಲ್ಲ. ಅವರ ಅಕ್ಕನ ಮಗಳು ಕ್ಯಾರಲ್ ಬರೆದಿದ್ದಳು. ಚಿಕ್ಕಮ್ಮನಿಗೆ ಕಣ್ಣು ಪೂರ್ತಿ ಹೋಗಿದೆ, ಹಳೆಯ ಆಸ್ಪತ್ರೆಯೇ ಈಗ ವೃದ್ಧಾಶ್ರಮ, ಅಲ್ಲಿದ್ದಾರೆ, ಬಹಳ ದಿನ ಇರಲಾರರು. ರೇಡಿಯೋದಲ್ಲಿ ಭೂಕಂಪದ ಸುದ್ದಿ ಕೇಳಿದಾಗಿನಿಂದ ನಿಮ್ಮ ಕ್ಷೇಮ ಕೇಳುತ್ತಿದ್ದಾರೆ. ಇನ್ನೊಂದು ವಿಷಯ, ಅವರು ಬರೆದಿಟ್ಟ ಸಮಾಧಿಗಳ ಪುಸ್ತಕವನ್ನು ಲೈಬ್ರರಿಯವರು ಅಚ್ಚು ಮಾಡಿಸುತ್ತಿದ್ದಾರೆ. ಅದರಲ್ಲಿ ಒಂದೇ ಒಂದು ಸಾಲು ಖಾಲಿಯಿದೆ, ಪಕ್ಕದಲ್ಲಿ ನಿಮ್ಮ ವಿಳಾಸ. ಈ ತಿಂಗಳ ಕೊನೆಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲೆ ಪುಸ್ತಕ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಬರದಿದ್ದರೆ 'ಹಸುಗೂಸು' ಎಂದೇ ಹಾಕುತ್ತೇವೆ, ಕ್ಷಮಿಸಬೇಕು.

ಇವರು ಓದಿ ಕಾಗದವನ್ನು ಮಡಿಸಿಟ್ಟರು. "ಬ್ಯಾಡ ಸುಮಾ. ಹೋದದ್ದು ಹೋತು. ಈಗ ಅದನ್ನ ಕೆದರಿ ಏನ್ ಮಾಡೂದದ?"

"ಅವರು ಎಂಟು ವರ್ಷ ಜಾಗ ಬಿಟ್ಕೊಂಡು ಕಾದಿದಾರೆ" ಎಂದೆ. "ನಾವು ಹೆತ್ತವರು. ನಾವೇ ಮರೆತ ಹಾಗೆ ಇದ್ದೀವಿ. ಆಕೆ ಕಣ್ಣು ಮುಚ್ಚೋಕೆ ಮುಂಚೆ ಇದು ಆಗಬೇಕು ಕಣ್ರೀ."

ಇವರು ಎದ್ದು ಹೊರಗೆ ಹೋದರು.

ಶನಿವಾರ ಬೆಳಿಗ್ಗೆ ಅನು ಗೆಳತಿಯ ಮನೆಗೆ ಹೋಗಿದ್ದಳು. ನಾನು ಸ್ನಾನ ಮಾಡಿ ದೀಪ ಹಚ್ಚಿ, ಆ ಪಾತ್ರೆಯನ್ನು ತೊಳೆದು ಒರೆಸಿ ಅದಕ್ಕೆ ಅಕ್ಕಿ ಹರಡಿದೆ. ಹೆಸರಿಡುವಾಗ ನಮ್ಮಲ್ಲಿ ತಟ್ಟೆಯ ಅಕ್ಕಿಯ ಮೇಲೆ ತಂದೆ ಉಂಗುರದಿಂದ ಹೆಸರು ಬರೆಯುವುದು ಪದ್ಧತಿ. ನಾನು ಇವರನ್ನು ಕರೆಯಲಿಲ್ಲ. ತಾವಾಗಿ ಬಂದು ಎದುರಿಗೆ ಕುಳಿತರು.

"ಯಾವುದು ಬರೀಲಿ? ನೀನ ಹೇಳು."

"ನೀವೇ ಬರೀರಿ. ಅವಳ ಜೊತೆ ಕೊನೇವರೆಗೂ ಇದ್ದವರು ನೀವು."

ಮದುವೆಯ ಉಂಗುರ ಬೆರಳಿನಿಂದ ಕಳಚಲು ಸೋಪು ಬೇಕಾಯಿತು. ಅದನ್ನು ಹಿಡಿದು ಇವರು ತಡಮಾಡದೆ ಬರೆದರು, ಎಷ್ಟೋ ಸಲ ಬರೆದು ಅಭ್ಯಾಸವಿದ್ದವರ ಹಾಗೆ. ಮೂರು ಅಕ್ಷರ. ನಾನು ಬಗ್ಗಿ ಓದಿದೆ.

"ಇದೇ ಯಾಕ್ರೀ?"

"ಅವತ್ತ ಆ ದಿಬ್ಬದ ಮ್ಯಾಲೆ ಎಲ್ಲಾ ಹಿಮ. ಹಾಕೂದಕ್ಕ ಒಂದ ಹೂವ ಇರಲಿಲ್ಲ, ಸುಮಾ" ಎಂದರು. ಹೆಸರನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಅದೇ ಅಕ್ಕಿಯನ್ನು ಒಂದು ಚೀಲಕ್ಕೆ ಹಾಕಿ ಪಾತ್ರೆಯಲ್ಲಿಟ್ಟು, ಹೆಸರನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನೂ ಇಟ್ಟು, ಹಳೆಯ ಸೀರೆ ಸುತ್ತಿ ಡಬ್ಬ ಕಟ್ಟಿದೆ. ತಡವಾದದ್ದಕ್ಕೆ ನಾಲ್ಕು ಸಾಲು ಬರೆಯಲು ಹೋಗಿ ನಾಲ್ಕು ಹಾಳೆ ಹರಿದೆ. ಕೊನೆಗೆ 'ಖಾಲಿ ಕಳಿಸಲು ಮನಸ್ಸಾಗಲಿಲ್ಲ' ಎಂದಷ್ಟೇ ಬರೆದೆ.

ಡಿಸೆಂಬರಿನಲ್ಲಿ ಆ ಡಬ್ಬ ವಾಪಸ್ಸು ಬಂತು. ವಿಳಾಸ ತಪ್ಪಿತೆಂದೇ ಅಂದುಕೊಂಡೆ. ತೆರೆದರೆ ನನ್ನದೇ ಸೀರೆ, ಅದರೊಳಗೆ ಅದೇ ಪಾತ್ರೆ, ಪಾತ್ರೆಯ ತುಂಬ ಒಣಗಿದ ಹಳದಿ ಮುಸುಕಿನ ಜೋಳ. ಕ್ಯಾರಲ್ಲಳ ಚೀಟಿಯಿತ್ತು. ಚಿಕ್ಕಮ್ಮ ಹೋದ ವಾರ ತೀರಿಕೊಂಡರು. ನಿಮ್ಮ ಡಬ್ಬ ಅದಕ್ಕೆ ಮುಂಚೆ ಬಂತು. ಅಕ್ಕಿಯಲ್ಲಿ ಕೈಯಿಟ್ಟುಕೊಂಡು ಹೆಸರನ್ನು ಎರಡು ಸಲ ಓದಿಸಿದರು. ಅದು ಪುಸ್ತಕದಲ್ಲಿ ಸೇರಿದೆ. ಪಾತ್ರೆಯನ್ನು ಖಾಲಿ ಕಳಿಸಕೂಡದೆಂದು ನನ್ನಿಂದ ಮಾತು ತೆಗೆದುಕೊಂಡರು, ಏಕೆಂದು ನನಗೆ ಗೊತ್ತಿಲ್ಲ. ತಳದ ಟೇಪನ್ನು ಅವರೇ ಕಿತ್ತು ಹೊಸದು ಅಂಟಿಸಿದ್ದಾರೆ, ಬೇಡವೆಂದರೂ ಕೇಳಲಿಲ್ಲ.

ನಾನು ಇನ್ನೂ ಚೀಟಿ ಹಿಡಿದುಕೊಂಡು ನಿಂತಿದ್ದೆ. ಇವರು ಕಪಾಟಿನ ಬಾಗಿಲಿಗೆ ಹೊಸ ಚಿಲಕ ಹಾಕುತ್ತಿದ್ದರು. ಅನು ಜೋಳವನ್ನು ಮೇಜಿನ ಮೇಲೆ ಸುರಿದು, ಪಾತ್ರೆ ಬೋರಲು ಹಾಕಿ, ಕಣ್ಣಿಲ್ಲದವರು ಬರೆದ ಸೊಟ್ಟ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಕೂಡಿಸಿದಳು. ಆಮೇಲೆ ಪಕ್ಕದ ಕೋಣೆಯಲ್ಲಿರುವವರನ್ನು ಕೂಗುವ ಹಾಗೆ ಗಟ್ಟಿಯಾಗಿ ಓದಿದಳು.

"ಮಾಲತಿ!"

ಇವರು ಸ್ಕ್ರೂಡ್ರೈವರು ಹಿಡಿದುಕೊಂಡೇ ಇತ್ತ ತಿರುಗಿದರು. ಎಂಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಆ ಮಗುವನ್ನು ಹೆಸರು ಹಿಡಿದು ಕರೆದವರು ಅವಳೇ ಮೊದಲು.

"ಹೂ ಈಸ್ ಮಾಲತಿ?"

"ನಿಮ್ಮಕ್ಕ" ಎಂದೆ.

ಅವಳು ಪಾತ್ರೆಯನ್ನು ಎತ್ತಿ ಹಿಡಿದಳು. ಮತ್ತೆ ಅದೇ ಪ್ರಶ್ನೆ ಕೇಳಿದಳು.

"ಡಸ್ ಶಿ ನೋ ವಿ ಹ್ಯಾವ್ ಇಟ್?"

"ಹ್ಞೂಂ, ಗೊತ್ತದ ಅಕಿಗೆ" ಎಂದರು ಇವರು.

ನಾನು ಆಗ ಅತ್ತೆ. ಎಂಟು ವರ್ಷ ತಡವಾಗಿ, ಹಾಡುಹಗಲಲ್ಲಿ, ಮಗಳ ಎದುರಿಗೆ.